ನಮ್ಮ ಮನೆಯ ಚಿನಿವಾರ

ಬ್ಯಾಂಕಿನ ಕೆಲಸದಿಂದ ನಿವೃತ್ತನಾದವನ ಮನೆಗೆ ಎರಡು ಬಗೆಯ ಅತಿಥಿಗಳು ಬರುವುದು ತಪ್ಪುವುದಿಲ್ಲ. ಹಣವನ್ನು ಎಲ್ಲಿಟ್ಟರೆ ಕ್ಷೇಮವೆಂದು ಕೇಳಲು ಬರುವವರು ಒಂದು ಬಗೆ. ಕ್ಷೇಮವಾಗಿರುವ ಹಣವನ್ನು ಹೇಗೆ ಹೊರಕ್ಕೆ ತೆಗೆಯಬೇಕೆಂದು ಕೇಳಲು ಬರುವವರು ಇನ್ನೊಂದು ಬಗೆ. ಹಿಂದಿನ ತಿಂಗಳು ಒಂದು ಭಾನುವಾರ ಬೆಳಗ್ಗೆ ಈ ಎರಡು ಬಗೆಯವರೂ ಒಂದೇ ಆಟೋರಿಕ್ಷಾದಿಂದ ನಮ್ಮ ಮನೆಯ ಮುಂದೆ ಇಳಿದರು. ಮೊದಲನೆಯ ಬಗೆಗೆ ಸೇರಿದವಳು ನನ್ನ ಅಕ್ಕ. ಎರಡನೆಯ ಬಗೆಗೆ ಸೇರಿದವನು ಅವಳ ಮಗ.

ಅಕ್ಕನ ಊರು ವಸಂತನರಸಾಪುರ. ತುಮಕೂರಿನಿಂದ ಶಿರಾ ಕಡೆಗೆ ಹೆದ್ದಾರಿಯಲ್ಲಿ ಪ್ರಯಾಣ ಮಾಡಿದವರು ಆ ಹೆಸರಿನ ಫಲಕವನ್ನು ನೋಡಿಯೇ ಇರುತ್ತಾರೆ. ಅವಳು ಮದುವೆಯಾಗಿ ಹೋದಾಗ ಅಲ್ಲಿ ಕಣ್ಣಿಗೆ ಬೀಳುತ್ತಿದ್ದುದು ರಾಗಿಯ ಹೊಲ, ಹುರುಳಿಯ ಕಣ, ಹುಣಿಸೆಯ ಮರ. ಈಗ ಅಲ್ಲಿ ದೊಡ್ಡ ಕೈಗಾರಿಕಾ ಪ್ರದೇಶ ಬೆಳೆದಿದೆ. 2014ರ ಸೆಪ್ಟೆಂಬರ್ 24ರಂದು ಪ್ರಧಾನಮಂತ್ರಿಗಳೇ ಬಂದು ಅಲ್ಲಿನ ಫುಡ್ ಪಾರ್ಕನ್ನು ಉದ್ಘಾಟಿಸಿದರು. ಊರು ಹೀಗೆ ಬೆಳೆಯುವಾಗ ಅಕ್ಕನ ಮನೆಯ ಹೊಲವೂ ಕಾರ್ಖಾನೆಗಳ ಕಾಂಪೌಂಡಿನ ಒಳಗೆ ಸೇರಿಹೋಯಿತು. ಪರಿಹಾರದ ಹಣ ಬಂದಿತು. ಭಾವನವರು ಬದುಕಿದ್ದಾಗಲೇ ಅದನ್ನು ಅಕ್ಕನ ಹೆಸರಿನಲ್ಲಿ ಮುದ್ದತಿನ ಠೇವಣಿ ಇಟ್ಟರು. ಅದರ ಬಡ್ಡಿಯೇ ಅವಳ ಸಂಸಾರದ ಆಧಾರ. ಆ ಠೇವಣಿಯ ಮುದ್ದತು ಬರುವ ಮಂಗಳವಾರಕ್ಕೆ ತೀರುವುದಿತ್ತು. ಅದನ್ನು ಮತ್ತೆ ಮುಂದುವರಿಸದೆ, ಅರ್ಧ ಹಣವನ್ನು ತನ್ನ ಹೊಸ ವ್ಯಾಪಾರಕ್ಕೆ ಕೊಡಬೇಕೆಂಬುದು ಮಗನ ಬೇಡಿಕೆ. ತೀರ್ಪು ಹೇಳಬೇಕಾದವನು ಸೋದರಮಾವನಾದ ನಾನು.

“ಯಾವ ವ್ಯಾಪಾರವಪ್ಪಾ?” ಎಂದೆ.

“ಕ್ರಿಪ್ಟೋ ಕರೆನ್ಸಿ ವಿನಿಮಯ ಮಾಡುವ ಎಕ್ಸ್‌ಚೇಂಜ್, ಮಾವ. ನಮ್ಮ ಜಿಲ್ಲೆಯ ಜನರಿಗೆ, ನಮ್ಮ ಭಾಷೆಯಲ್ಲಿಯೇ.”

ಅಡಿಗೆಮನೆಯಿಂದ ನನ್ನವಳ ಧ್ವನಿ ಬಂದಿತು: “ಕರೆನ್ಸಿ ಹಾಕುವ ಅಂಗಡಿಗೆ ಅಷ್ಟೊಂದು ಬಂಡವಾಳ ಏಕೆ? ಬಸ್ಸು ನಿಲ್ದಾಣದ ಹತ್ತಿರ ಬೀಡಾ ಅಂಗಡಿಯವನೇ ಮೊಬೈಲಿಗೆ ಹಾಕಿಕೊಡುತ್ತಿದ್ದನಲ್ಲ!”

ಹುಡುಗನು ನಗಲಿಲ್ಲ. ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ರಾತ್ರಿಪಾಳಿ ಮುಗಿಸಿ ನೇರವಾಗಿ ಬಂದಿದ್ದ ಅವನ ಕಣ್ಣುಗಳು ಕೆಂಪಾಗಿದ್ದವು. ಅವನ ಕೈಚೀಲದಲ್ಲಿ ಇಪ್ಪತ್ತು ಪುಟಗಳ ಯೋಜನೆಯೊಂದು ಅಚ್ಚುಕಟ್ಟಾಗಿ ಬರೆದು ಸಿದ್ಧವಾಗಿತ್ತು. ಹುಡುಗಾಟದ ಮಾತಾಗಿದ್ದರೆ ಗದರಿಸಿ ಕಳುಹಿಸಬಹುದಾಗಿತ್ತು, ಇದು ಹಾಗಿರಲಿಲ್ಲ.

ಅಕ್ಕನಿಗೆ ವಿಷಯವನ್ನು ತಿಳಿಸಿ ಹೇಳುವ ಕೆಲಸ ನನಗೆ ಬಿದ್ದಿತು. ನಾನು ಹಳೆಯ ಮಾತಿನಿಂದಲೇ ಆರಂಭಿಸಿದೆ. ಹಿಂದೆ ಪೇಟೆಗಳಲ್ಲಿ ಚಿನಿವಾರರು ಇರುತ್ತಿದ್ದರು. ಒಂದು ಸೀಮೆಯ ನಾಣ್ಯವನ್ನು ತಂದವನಿಗೆ ಇನ್ನೊಂದು ಸೀಮೆಯ ನಾಣ್ಯವನ್ನು ಎಣಿಸಿಕೊಟ್ಟು, ನಡುವೆ ತಮ್ಮ ವಟ್ಟವನ್ನು ಹಿಡಿದುಕೊಳ್ಳುತ್ತಿದ್ದರು. ಇವನು ತೆರೆಯಬೇಕೆಂದಿರುವುದೂ ಚಿನಿವಾರನ ಅಂಗಡಿಯೇ. ಒಂದು ಕಡೆ ನಮ್ಮ ರೂಪಾಯಿ. ಇನ್ನೊಂದು ಕಡೆ ಬಿಟ್‌ಕಾಯಿನ್ ಮೊದಲಾದ ಕಾಣದ ನಾಣ್ಯ.

“ಆ ನಾಣ್ಯದ ಮೇಲೆ ಯಾರ ಮುದ್ರೆ ಇದೆ?” ಎಂದಳು ಅಕ್ಕ.

“ಯಾರದೂ ಇಲ್ಲ ಅಮ್ಮ, ಅದೇ ಅದರ ವಿಶೇಷ” ಎಂದು ಮಗನು ಮುಂದಕ್ಕೆ ಬಂದನು. ಸತೋಷಿ ನಕಾಮೊಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್ 31ರಂದು ಒಂದು ಬರಹ ಪ್ರಕಟವಾದುದನ್ನೂ, 2009ರ ಜನವರಿ 3ರಂದು ಮೊದಲ ಬಿಟ್‌ಕಾಯಿನ್ ಹುಟ್ಟಿದುದನ್ನೂ, ಒಟ್ಟು 2 ಕೋಟಿ 10 ಲಕ್ಷಕ್ಕಿಂತ ಹೆಚ್ಚು ಎಂದೂ ಹುಟ್ಟದಂತೆ ಲೆಕ್ಕ ಕಟ್ಟಿರುವುದನ್ನೂ ವಿವರಿಸಿದನು. ಯಾರಿಂದ ಯಾರಿಗೆ ಎಷ್ಟು ಹೋಯಿತೆಂಬ ಖಾತೆಪುಸ್ತಕದ ಪ್ರತಿ ಲೋಕದಾದ್ಯಂತ ಸಾವಿರಾರು ಕಂಪ್ಯೂಟರುಗಳಲ್ಲಿ ಇರುತ್ತದೆ. ಒಬ್ಬನು ತನ್ನ ಪ್ರತಿಯನ್ನು ಕಳ್ಳತನದಿಂದ ತಿದ್ದಿದರೆ ಉಳಿದವರ ಪ್ರತಿಗಳೊಂದಿಗೆ ತಾಳೆಯಾಗದೆ ಸಿಕ್ಕಿಬೀಳುತ್ತಾನೆ. ಆದುದರಿಂದ ನಡುವೆ ಶಾನುಭೋಗನೂ ಬೇಡ, ಬ್ಯಾಂಕೂ ಬೇಡ.

ಆಮೇಲೆ ಅವನು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. “ಮಾವ, ನಮ್ಮ ಹೊಲಕ್ಕೆ ಪಹಣಿ ಇತ್ತು, ಕಂದಾಯದ ರಸೀದಿ ಇತ್ತು. ಒಂದು ನೋಟೀಸು ಬಂದಿತು, ಹೊಲ ಹೋಯಿತು. 2016ರ ನವೆಂಬರ್ 8ರ ರಾತ್ರಿ ಒಂದು ಭಾಷಣವಾಯಿತು, ಅಮ್ಮ ಸಾಸಿವೆ ಡಬ್ಬಿಯಲ್ಲಿ ಇಟ್ಟಿದ್ದ ಐದು ನೂರರ ನೋಟು ಬೆಳಗಾಗುವುದರೊಳಗೆ ಕಾಗದವಾಯಿತು. ಯಾರ ಒಂದು ಸಹಿಯಿಂದಲೂ ಇಲ್ಲವಾಗದ ಒಂದು ವಸ್ತು ಲೋಕದಲ್ಲಿ ಇದೆ ಎಂದರೆ ನನಗೆ ಆಸೆಯಾಗುವುದಿಲ್ಲವೇ?”

ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಹುಡುಗನಿಗೆ ಈ ಹುಮ್ಮಸ್ಸು ಬರಲು ಇನ್ನೊಂದು ಕಾರಣವೂ ಇತ್ತು. ಭಾರತದಲ್ಲಿ ಈ ವ್ಯಾಪಾರವನ್ನು ಮೊದಮೊದಲು ಆರಂಭಿಸಿದ ಸಂಸ್ಥೆಗಳಲ್ಲಿ ಒಂದಾದ ಯುನೊಕಾಯಿನ್‌ಗೆ ನಮ್ಮ ತುಮಕೂರಿನ ನಂಟು ಇದೆ. ಸಾತ್ವಿಕ್ ವಿಶ್ವನಾಥ್ ಮತ್ತು ಅವರ ಜೊತೆಗಾರರು ಅದನ್ನು 2013ರಲ್ಲಿ ಸ್ಥಾಪಿಸಿದರು. ಅದೇ ವರ್ಷದ ಡಿಸೆಂಬರ್ 24ರಂದು ರಿಸರ್ವ್ ಬ್ಯಾಂಕು ಇಂಥ ನಾಣ್ಯಗಳ ವಿಷಯದಲ್ಲಿ ಜನ ಎಚ್ಚರದಿಂದಿರಬೇಕೆಂದು ಪ್ರಕಟಣೆ ಹೊರಡಿಸಿತು. ಕೂಸು ಹುಟ್ಟಿದ ವರ್ಷವೇ ದೃಷ್ಟಿ ತಗಲಿದಂತಾಯಿತು. ಆದರೂ ಕೂಸು ಬೆಳೆಯಿತು. “ನಮ್ಮ ಊರಿನ ಹೆಸರನ್ನು ಹೇಳಿಕೊಂಡು ಅವರು ಮಾಡಿದರಲ್ಲ, ನಾನೇಕೆ ಮಾಡಬಾರದು?” ಎಂಬುದು ಇವನ ಪ್ರಶ್ನೆ.

ಅವರು ಮಾಡಿದರು, ನಿಜ. ಅವರು ಏನೇನು ಅನುಭವಿಸಿದರೆಂಬುದನ್ನೂ ನೋಡಬೇಕಲ್ಲ! 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕಿನ ಸುತ್ತೋಲೆ ಬಂದಿತು: ಕಾಣದ ನಾಣ್ಯದ ವ್ಯವಹಾರ ಮಾಡುವವರಿಗೆ ಬ್ಯಾಂಕುಗಳು ಯಾವ ಸೇವೆಯನ್ನೂ ಕೊಡಕೂಡದು, ಈಗಾಗಲೇ ಕೊಡುತ್ತಿರುವವರು ಮೂರು ತಿಂಗಳಲ್ಲಿ ನಿಲ್ಲಿಸಬೇಕು. ನಾಣ್ಯವನ್ನು ನಿಷೇಧಿಸಲಿಲ್ಲ, ಅದರ ಅಂಗಡಿಗೆ ಹೋಗುವ ದಾರಿಗೆ ಬೇಲಿ ಹಾಕಿದರು. ಬ್ಯಾಂಕಿನ ದಾರಿ ಮುಚ್ಚಿದ ಮೇಲೆ ಯುನೊಕಾಯಿನ್‌ನವರು ಆ ವರ್ಷದ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಮಾಲ್ ಒಂದರಲ್ಲಿ, ಗ್ರಾಹಕರು ನಗದನ್ನು ಕಟ್ಟುವುದಕ್ಕೂ ಪಡೆಯುವುದಕ್ಕೂ ಒಂದು ಯಂತ್ರವನ್ನು ಇಟ್ಟರು. ಕೆಲವೇ ದಿನಗಳಲ್ಲಿ ಪೊಲೀಸರು ಬಂದು ಯಂತ್ರವನ್ನು ವಶಪಡಿಸಿಕೊಂಡರು. ಸ್ಥಾಪಕರಲ್ಲಿ ಇಬ್ಬರನ್ನು ಬಂಧಿಸಿದರು. ಯಂತ್ರಕ್ಕೆ ಸರ್ಕಾರದ ಯಾವ ಪರವಾನಗಿಯೂ ಇಲ್ಲವೆಂಬುದು ಪೊಲೀಸರ ಆಪಾದನೆ. ಇದು ಚಲಾವಣೆಯ ಹಣವಲ್ಲವೆಂದು ಸರ್ಕಾರ ಹೇಳಿದೆಯೇ ಹೊರತು ನಿಷಿದ್ಧವೆಂದು ಹೇಳಿಲ್ಲವೆಂಬುದು ಸಂಸ್ಥೆಯವರ ವಾದ. ಪರವಾನಗಿ ಕೇಳೋಣವೆಂದರೆ ಅದನ್ನು ಕೊಡುವ ಕಚೇರಿಯೇ ಇರಲಿಲ್ಲ!

ಇಷ್ಟನ್ನು ಹೇಳಿ ನಾನು ಸುಮ್ಮನಾದೆ. ಆದರೆ ಆ ವರ್ಷ ನನ್ನ ಕೈಯಿಂದಲೇ ನಡೆದ ಒಂದು ಕೆಲಸವಿದೆ. ಅದನ್ನು ಮನೆಯಲ್ಲಿ ಯಾರ ಹತ್ತಿರವೂ ಹೇಳಿರಲಿಲ್ಲ. ಅಂದು ಹೇಳಬೇಕಾಯಿತು.

ಆಗ ನಾನು ನಮ್ಮ ಜಿಲ್ಲೆಯ ಒಂದು ತಾಲ್ಲೂಕು ಊರಿನ ಶಾಖೆಯಲ್ಲಿ ವ್ಯವಸ್ಥಾಪಕನಾಗಿದ್ದೆ. ಆ ಊರಿನಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದು, ಎರಡು ಕಂಪ್ಯೂಟರುಗಳನ್ನು ಇಟ್ಟುಕೊಂಡು, ಪರಿಚಯದವರಿಗೆ ಬಿಟ್‌ಕಾಯಿನ್ ಕೊಂಡುಕೊಡುವ, ಮಾರಿಕೊಡುವ ಕೆಲಸವನ್ನು ಒಬ್ಬ ಯುವಕ ಮಾಡುತ್ತಿದ್ದನು. ಲೆಕ್ಕ ಚೊಕ್ಕಟ. ಒಂದು ಚೆಕ್ಕೂ ಹಿಂದಿರುಗಿರಲಿಲ್ಲ. ಜೂನ್ ತಿಂಗಳ ಕೊನೆಯ ವಾರ ಅವನ ಖಾತೆಯನ್ನು ಮುಚ್ಚುವ ಪತ್ರಕ್ಕೆ ನಾನು ಸಹಿ ಹಾಕಿದೆ. ಮರುದಿನವೇ ಅವನು ಪತ್ರವನ್ನು ಹಿಡಿದುಕೊಂಡು ಬಂದನು.

“ಸಾರ್, ನಾನು ಮಾಡಿದ ತಪ್ಪೇನು?”

“ತಪ್ಪೇನೂ ಇಲ್ಲಪ್ಪ. ಸುತ್ತೋಲೆ ಬಂದಿದೆ.”

ಉಳಿದ ಹಣಕ್ಕೆ ಡಿಮಾಂಡ್ ಡ್ರಾಫ್ಟ್ ಬರೆದುಕೊಟ್ಟೆ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದನ್ನು ಜಮಾ ಮಾಡಲು ಒಂದು ಖಾತೆ ಬೇಕಲ್ಲ ಸಾರ್?” ಎಂದನು. ಗಟ್ಟಿಯಾಗಿಯೂ ಹೇಳಲಿಲ್ಲ. ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದು ಹೋದನು. ಸ್ವಲ್ಪ ದಿನಗಳಲ್ಲಿ ಗಿರಣಿಯ ಮೇಲಿನ ಫಲಕ ಕಾಣೆಯಾಯಿತು.

2020ರ ಮಾರ್ಚ್ 4ರಂದು ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಆ ಸುತ್ತೋಲೆಯನ್ನು ರದ್ದುಮಾಡಿತು. ರಿಸರ್ವ್ ಬ್ಯಾಂಕಿಗೆ ಕ್ರಮ ಕೈಗೊಳ್ಳುವ ಅಧಿಕಾರವಿದೆ. ಆದರೆ ಬ್ಯಾಂಕುಗಳಿಗೆ ಈ ವ್ಯವಹಾರದಿಂದ ಹಾನಿಯಾಗಿದೆಯೆಂದು ತೋರಿಸದೆ ಇಷ್ಟು ಭಾರಿ ಏಟನ್ನು ಹಾಕಿದುದು ಅಳತೆ ಮೀರಿದ ಕ್ರಮ — ಇದು ತೀರ್ಪಿನ ಸಾರ. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ನನಗೆ ಊಟ ರುಚಿಸಲಿಲ್ಲ. ಸುತ್ತೋಲೆಗೆ ಆಯುಸ್ಸು ಎರಡು ವರ್ಷವೂ ತುಂಬಲಿಲ್ಲ. ಅಷ್ಟರಲ್ಲಿ ದೊಡ್ಡ ದೊಡ್ಡ ಅಂಗಡಿಗಳೇ ಮುಚ್ಚಿಹೋಗಿದ್ದವು: ಝೆಬ್‌ಪೇ ತನ್ನ ವಿನಿಮಯ ಕೇಂದ್ರವನ್ನು 2018ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿತು, ಕಾಯಿನೆಕ್ಸ್ 2019ರ ಜೂನ್‌ನಲ್ಲಿ ಬಾಗಿಲು ಹಾಕಿತು. ಉಸಿರು ಹಿಡಿದು ಉಳಿದವರಿಗೆ ತೀರ್ಪು ಒದಗಿತು. ಗಿರಣಿಯ ಮೇಲಿನ ಕೋಣೆಯವನಿಗೆ ಒದಗಲಿಲ್ಲ.

ನಾನು ಮುಗಿಸಿದಾಗ ಯಾರೂ ಮಾತನಾಡಲಿಲ್ಲ. ನನ್ನವಳು ಕಾಫಿಯ ತಟ್ಟೆಯನ್ನು ಹಿಡಿದು ಬಾಗಿಲಲ್ಲಿಯೇ ನಿಂತಿದ್ದಳು.

“ಹಾಗಾದರೆ ಈಗ ಬೇಲಿ ತೆಗೆದಿದ್ದಾರಲ್ಲ ಮಾವ!” ಎಂದನು ಅಳಿಯ.

ಬೇಲಿಯನ್ನು ತೆಗೆದಿದ್ದಾರೆ; ದಾರಿಯನ್ನು ಮಾಡಿಕೊಟ್ಟಿಲ್ಲ. ಕಾಗದ, ಪೆನ್ಸಿಲು ತೆಗೆದುಕೊಂಡು ನಾವಿಬ್ಬರೂ ಕುಳಿತೆವು. ಅವನ ಯೋಜನೆಯಲ್ಲಿ ಆದಾಯದ ಪುಟಗಳು ಹನ್ನೆರಡು ಇದ್ದವು. ಅಡಚಣೆಗಳ ಪುಟ ಇರಲಿಲ್ಲ. ಅದನ್ನು ಬರೆಯತೊಡಗಿದೆವು.

ಮೊದಲನೆಯದು ಬ್ಯಾಂಕು. ರದ್ದಾದ ಸುತ್ತೋಲೆಯನ್ನು ತೋರಿಸಿ ಗ್ರಾಹಕರನ್ನು ಹಿಂದಕ್ಕೆ ಕಳುಹಿಸಬಾರದೆಂದು 2021ರ ಮೇ 31ರಂದು ರಿಸರ್ವ್ ಬ್ಯಾಂಕೇ ತಿಳಿಸಿದೆ. ಆದರೆ ಖಾತೆ ತೆರೆಯಲೇಬೇಕೆಂದು ಯಾವ ಬ್ಯಾಂಕಿಗೂ ಆಜ್ಞೆ ಇಲ್ಲ. ವ್ಯವಸ್ಥಾಪಕನು ‘ಮೇಲಿನವರನ್ನು ಕೇಳಿ ಹೇಳುತ್ತೇನೆ’ ಎಂದರೆ ಆಯಿತು. ಆ ಮಾತಿಗೆ ಎಷ್ಟು ತಿಂಗಳು ಹಿಡಿಯುತ್ತದೆಂಬುದು ಆ ಮಾತನ್ನು ಆಡಿದ ನನಗೆ ಗೊತ್ತು.

ಎರಡನೆಯದು ನೋಂದಣಿ. 2023ರ ಮಾರ್ಚ್ 7ರ ಅಧಿಸೂಚನೆಯಿಂದ ಈ ವ್ಯಾಪಾರವು ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯ ಕೆಳಗೆ ಬಂದಿತು. ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಳ್ಳಬೇಕು. ಗಿರಾಕಿಯ ಗುರುತನ್ನು ಪರೀಕ್ಷಿಸಬೇಕು. ಸಂಶಯದ ವ್ಯವಹಾರ ಕಂಡರೆ ವರದಿ ಮಾಡಬೇಕು. ಐದು ವರ್ಷ ದಾಖಲೆ ಕಾಪಾಡಬೇಕು. ಇದಕ್ಕೆಲ್ಲ ಹೊಣೆಯಾದ ಅಧಿಕಾರಿಯನ್ನು ನೇಮಿಸಬೇಕು. ಇದು ತಪ್ಪೆಂದು ನಾನು ಹೇಳಲಾರೆ. ಪರರ ಹಣಕ್ಕೆ ಕೈಯೊಡ್ಡುವವನಿಗೆ ಈ ಅಂಕುಶ ಬೇಕು. ಆದರೆ ಇಷ್ಟು ಕೆಲಸಕ್ಕೆ ಬೇಕಾದ ಜನರ ಸಂಬಳವನ್ನು ಬರೆದು ಕೂಡಿಸಿದಾಗ, ವಸಂತನರಸಾಪುರದ ಒಂದು ಕೋಣೆಯ ಅಂಗಡಿಗೆ ಅದು ಆನೆಯ ಲಾಯವಾಗಿ ಕಂಡಿತು.

ಮೂರನೆಯದು ತೆರಿಗೆ. 2022ರ ಏಪ್ರಿಲ್ 1ರಿಂದ ಈ ನಾಣ್ಯಗಳ ಲಾಭಕ್ಕೆ ನೂರಕ್ಕೆ 30ರ ತೆರಿಗೆ ಬಿದ್ದಿತು. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಆ ವರ್ಷದ ಜುಲೈ 1ರಿಂದ ಪ್ರತಿ ಮಾರಾಟದ ಮೊತ್ತದಲ್ಲಿ ನೂರಕ್ಕೆ 1ನ್ನು ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟಬೇಕಾಯಿತು. ಹಿಡಿಯುವ ಹೊಣೆ ಅಂಗಡಿಯವನದು. “ಒಂದೇ ತಾನೆ?” ಎಂದನು ಅಳಿಯ. ಲೆಕ್ಕ ಹಾಕಿ ತೋರಿಸಿದೆ. 1 ಲಕ್ಷ ರೂಪಾಯಿ ಇಟ್ಟುಕೊಂಡವನು ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ನೂರು ಸಾರಿ ಕೊಂಡು ಮಾರಿದರೆ ಅವನ ಕೈಯಲ್ಲಿ ಉಳಿಯುವುದು ಸುಮಾರು 36,600. ಮಿಕ್ಕುದು ಆದಾಯ ತೆರಿಗೆಯ ಲೆಕ್ಕಕ್ಕೆ ಹೊಂದಿಕೊಂಡು ಆಮೇಲೆ ಬರಬಹುದು; ಅಲ್ಲಿಯವರೆಗೆ ಬಂಡವಾಳ ಕಟ್ಟುಬಿದ್ದಂತೆಯೇ. ದಿನಕ್ಕೆ ಹತ್ತು ಸಾರಿ ಕೊಂಡು ಮಾರುವ ಗಿರಾಕಿಯ ವಟ್ಟದಿಂದಲೇ ಚಿನಿವಾರ ಬದುಕಬೇಕು. ಆ ಗಿರಾಕಿಯೇ ಓಡಿಹೋದರೆ?

ಇಷ್ಟು ತೆರಿಗೆ ಕಟ್ಟಿಸಿಕೊಂಡ ಮೇಲೆ ವ್ಯಾಪಾರ ಮಾನ್ಯವಾಯಿತೆನ್ನಬಹುದೇ? ಅದೂ ಇಲ್ಲ. ರೆವಿನ್ಯೂ ನಿವೇಶನದಲ್ಲಿ ಮನೆ ಕಟ್ಟಿದವರಿಗೆ ಈ ಸಂಕಟ ಚೆನ್ನಾಗಿ ಗೊತ್ತು. ಕಂದಾಯ ಕಟ್ಟಿಸಿಕೊಳ್ಳುತ್ತಾರೆ, ರಸೀದಿ ಕೊಡುತ್ತಾರೆ. ಖಾತೆ ಮಾಡಿಕೊಡಿ ಎಂದರೆ ಕಂದಾಯ ಕಟ್ಟಿದ ಮಾತ್ರಕ್ಕೆ ಹಕ್ಕು ಬಂದಂತಲ್ಲ ಎನ್ನುತ್ತಾರೆ.

ನಾಲ್ಕನೆಯದು ಕಳ್ಳರು. ಟೋಕಿಯೋದ ಮೌಂಟ್ ಗಾಕ್ಸ್ ಎಂಬ ಆ ಕಾಲದ ಅತಿ ದೊಡ್ಡ ಕೇಂದ್ರ 2014ರಲ್ಲಿ ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾದುವೆಂದು ಹೇಳಿ ದಿವಾಳಿಯಾಯಿತು. ಅದರಲ್ಲಿ 2 ಲಕ್ಷ ಮಾತ್ರ ಆಮೇಲೆ ಸಿಕ್ಕಿತು. ನಮ್ಮ ದೇಶದ ವಜೀರ್‌ಎಕ್ಸ್‌ನಿಂದ 2024ರ ಜುಲೈ 18ರಂದು 23 ಕೋಟಿ ಡಾಲರಿಗೂ ಮಿಕ್ಕ ಆಸ್ತಿಯನ್ನು ಒಂದೇ ದಿನ ದೋಚಿದರು. ಅಷ್ಟು ದೂರವೇಕೆ? ಯುನೊಕಾಯಿನ್‌ನಿಂದ 60ಕ್ಕೂ ಮಿಕ್ಕ ಬಿಟ್‌ಕಾಯಿನ್ ಕಳವಾದ ಬಗ್ಗೆ 2017ರಲ್ಲಿ ನಮ್ಮ ತುಮಕೂರಿನ ಹೊಸ ಬಡಾವಣೆ ಪೊಲೀಸ್ ಠಾಣೆಯಲ್ಲಿಯೇ ದೂರು ದಾಖಲಾಗಿತ್ತು. ರಾಜ್ಯದ ವಿಶೇಷ ತನಿಖಾ ದಳ ಆ ಪ್ರಕರಣದಲ್ಲಿ ಬಂಧನ ಮಾಡಿದ್ದು 2024ರಲ್ಲಿ. ಬೀಗದ ಬದಲು ಅಕ್ಷರಗಳ ಒಂದು ಸಾಲು ತಿಜೋರಿಯನ್ನು ಕಾಯುವಾಗ, ಆ ಸಾಲು ಕೈಬಿಟ್ಟರೆ ತಿಜೋರಿಯೇ ಕೈಬಿಟ್ಟಂತೆ.

ಐದನೆಯದನ್ನು ಬರೆಯುವ ಮೊದಲೇ ಅಕ್ಕ ಬಾಯಿ ತೆರೆದಳು. ಅದುವರೆಗೆ ಅವಳು ಒಂದು ಮಾತನ್ನೂ ಆಡಿರಲಿಲ್ಲ.

“ಅಲ್ಲಪ್ಪ, ಅಂಗಡಿಗೆ ಬರುವವರೆಲ್ಲ ನಿನಗೆ ಪರಿಚಯದವರೇ ಆಗಿರುತ್ತಾರೆಯೇ? ಯಾರೋ ಕದ್ದ ಹಣವನ್ನು ತಂದು ನಿನ್ನ ಹತ್ತಿರ ನಾಣ್ಯ ಕೊಂಡುಹೋದರೆ, ಕಳೆದುಕೊಂಡವನು ಯಾರ ಮನೆಯ ಬಾಗಿಲಿಗೆ ಬರುತ್ತಾನೆ?”

ಓದುಗರೇ, ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು ಐದನೆಯದಾಗಿ ಬರೆಯಬೇಕೆಂದಿದ್ದುದನ್ನು ನಮ್ಮ ಅಕ್ಕ ಮೊದಲನೆಯದಾಗಿ ಕೇಳಿದಳು. ಇಂದು ನಡೆಯುತ್ತಿರುವುದು ಅದೇ. ಎಲ್ಲೋ ದೂರದ ಊರಿನಲ್ಲಿ ಒಬ್ಬ ವೃದ್ಧರನ್ನು ಫೋನಿನಲ್ಲಿ ಹೆದರಿಸಿ ಹಣ ಕೀಳುತ್ತಾರೆ. ಅವರು 1930 ಸಂಖ್ಯೆಗೆ ದೂರು ಕೊಡುತ್ತಾರೆ. ಹಣ ನಾಲ್ಕಾರು ಖಾತೆಗಳನ್ನು ಹಾದು, ಕೊನೆಗೆ ಕಾಣದ ನಾಣ್ಯವನ್ನು ಮಾರಿದವನ ಖಾತೆಗೆ ಬಂದಿರುತ್ತದೆ. ಮೋಸಗಾರ ನಾಣ್ಯವನ್ನು ಹಿಡಿದು ಮಾಯವಾಗಿರುತ್ತಾನೆ. ಪೊಲೀಸರು ಜಾಡು ಹಿಡಿದು ಬಂದಾಗ ಸಿಕ್ಕುವುದು ಮಾರಿದವನ ಖಾತೆ. ಅದಕ್ಕೆ ತಡೆ ಬೀಳುತ್ತದೆ. ಇವನು ನಿರಪರಾಧಿಯಾದರೂ ಅದನ್ನು ಹೇಳಿಕೊಳ್ಳಲು ಬೇರೆ ರಾಜ್ಯದ ಠಾಣೆಗೆ ಅಲೆಯಬೇಕಾಗಬಹುದು. ಅಕ್ಕನ ಬಡ್ಡಿ ಬಂದು ಬೀಳುವ ಖಾತೆಯಿಂದಲೇ ವ್ಯಾಪಾರ ನಡೆಸಿದರೆ ಆ ತಿಂಗಳ ಅಕ್ಕಿಗೂ ತಡೆ.

ಅಳಿಯನು ಪೆನ್ಸಿಲನ್ನು ಕೆಳಗಿಟ್ಟನು. ಅವನ ಹೊಲದ ಮಾತಿಗೆ ಉತ್ತರ ನನಗೆ ಆಗ ಹೊಳೆಯಿತು.

“ನೋಡಪ್ಪ, ನಿನ್ನ ನಾಣ್ಯಕ್ಕೆ ಯಾರ ನಂಬಿಕೆಯೂ ಬೇಕಿಲ್ಲವೆಂದೆ. ಒಪ್ಪಿದೆ. ಅದನ್ನು ಒಂದು ನೋಟೀಸಿನಿಂದ ಇಲ್ಲವಾಗಿಸಲು ಆಗದು, ಅದನ್ನೂ ಒಪ್ಪಿದೆ. ಆದರೆ ನೀನು ಹುಟ್ಟಿಸುತ್ತಿರುವುದು ನಾಣ್ಯವನ್ನಲ್ಲ, ಅಂಗಡಿಯನ್ನು. ಅಂಗಡಿಗೆ ಎಲ್ಲರ ನಂಬಿಕೆಯೂ ಬೇಕು. ಬ್ಯಾಂಕಿನವನು ನಂಬಬೇಕು, ಪೊಲೀಸಿನವನು ನಂಬಬೇಕು, ಬೆಳಗ್ಗೆ ಹಣ ಕಟ್ಟಿದವನು ಸಂಜೆ ಕೇಳಿದರೆ ಸಿಕ್ಕುತ್ತದೆಂದು ನಂಬಬೇಕು. ಅಂಗಡಿಯನ್ನು ಮುಚ್ಚಿಸಲು ಇಂದಿಗೂ ಒಂದು ಸಹಿ ಸಾಕು. ನಾನೇ ಹಾಕಿದ್ದೇನೆ.”

ಅವನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಹಾಗಾದರೆ ಸಣ್ಣವರು ಮಾಡುವಂತೆಯೇ ಇಲ್ಲವೇ ಮಾವ?” ಎಂದನು. ಆ ಧ್ವನಿಯಲ್ಲಿ ಗಿರಣಿಯ ಮೇಲಿನ ಕೋಣೆಯವನ ಧ್ವನಿಯ ಛಾಯೆ ಇತ್ತು. ಬೇಡವೆಂದು ಹೇಳುವುದು ಸುಲಭ. ಒಬ್ಬನಿಗೆ ಒಮ್ಮೆ ಹೇಳಿದ್ದೆ. ಎರಡನೆಯ ಸಾರಿ ಹೇಳಲು ನನಗೆ ಬಾಯಿ ಬರಲಿಲ್ಲ.

ಕೊನೆಗೆ ದಾರಿಯನ್ನು ತೋರಿಸಿದವಳು ಅಕ್ಕನೇ. ಠೇವಣಿಯನ್ನು ಈಗ ಮುಟ್ಟಬಾರದು. ಮಗನು ಕಾರ್ಖಾನೆಯ ಕೆಲಸವನ್ನು ಬಿಡಬಾರದು. ನಾವು ಬರೆದ ಐದು ಅಡಚಣೆಗಳಿಗೂ ಅವನು ಒಂದೊಂದಾಗಿ, ತಿಳಿದವರನ್ನು ಕೇಳಿ, ಲೆಕ್ಕಪರಿಶೋಧಕರನ್ನೂ ವಕೀಲರನ್ನೂ ಕಂಡು, ಉತ್ತರ ಬರೆದು ತರಬೇಕು. ಅಲ್ಲಿಯವರೆಗೆ, ಈ ನಾಣ್ಯಗಳನ್ನು ಕೊಂಡು ತೆರಿಗೆಯ ಲೆಕ್ಕ ತಿಳಿಯದೆ ಒದ್ದಾಡುತ್ತಿರುವ ಅವನ ಕಾರ್ಖಾನೆಯ ಗೆಳೆಯರಿಗೆ ಅವನು ಲೆಕ್ಕ ಬರೆದುಕೊಡಲಿ. ಪರರ ಹಣವನ್ನು ಹಿಡಿಯುವ ಮೊದಲು ಪರರ ಲೆಕ್ಕವನ್ನು ಹಿಡಿಯುವುದನ್ನು ಕಲಿಯಲಿ.

ಮಂಗಳವಾರ ನಾವು ಮೂವರೂ ಬ್ಯಾಂಕಿಗೆ ಹೋದೆವು. ಕೌಂಟರಿನ ಹಿಂದೆ ಇದ್ದ ಹುಡುಗಿ ಅರ್ಜಿಯನ್ನು ಕೊಟ್ಟಳು. ಅಕ್ಕನ ಪರವಾಗಿ ನಾನೇ ಬರೆಯತೊಡಗಿದೆ. ಹೆಸರು, ವಿಳಾಸ, ಮೊತ್ತ. ಮುದ್ದತು ಎಂಬ ಕಡೆ, ಪ್ರತಿ ಸಾರಿಯ ಅಭ್ಯಾಸದಂತೆ, ಐದು ವರ್ಷ ಎಂದು ಬರೆಯಲು ಹೋದೆ.

ಅಕ್ಕ ನನ್ನ ಮೊಣಕೈಯನ್ನು ಮುಟ್ಟಿದಳು.

“ಒಂದು ವರ್ಷ ಅಂತ ಬರೆ, ತಮ್ಮಾ” ಎಂದಳು. “ಅವನು ಉತ್ತರ ತಂದರೆ ನಾನು ಇಲ್ಲ ಎನ್ನುವ ಹಾಗೆ ಆಗಬಾರದು.”

ಹಾಗೆಯೇ ಬರೆದೆ. ಅವಳು ಕನ್ನಡಕವನ್ನು ಸರಿಮಾಡಿಕೊಂಡು, ಒಂದೊಂದು ಅಕ್ಷರವನ್ನೂ ಬಿಡಿಸಿ, ತನ್ನ ಹೆಸರನ್ನು ಬರೆದಳು. ಪಕ್ಕದಲ್ಲಿ ಸಾಕ್ಷಿಯಾಗಿ ಸಹಿ ಹಾಕಲು ಹುಡುಗಿ ನನ್ನ ಕಡೆಗೆ ಕಾಗದವನ್ನು ತಿರುಗಿಸಿದಳು. 2018ರ ಆ ಪತ್ರದ ಮೇಲೆ ಹಾಕಿದ್ದ ಸಹಿಯೇ ಇದು; ಅಂದು ಒಂದು ಬಾಗಿಲನ್ನು ಮುಚ್ಚಿತ್ತು. ಇಂದು ಒಂದು ವರ್ಷದ ಮಟ್ಟಿಗಾದರೂ ಒಂದು ಬಾಗಿಲನ್ನು ಓರೆಯಾಗಿ ಇರಿಸಿತು ಎಂದುಕೊಂಡು, ನಿಧಾನವಾಗಿ ಬರೆದೆ.